ಅಪ್ಪನ ಪೇಸ್‌ಮೇಕರ್ ವಿಚಾರ

ವೆಸ್ಟ್ ಲಾಫಯೆಟ್, ಇಂಡಿಯಾನ
ನವೆಂಬರ್, ಭಾನುವಾರ

ಅಪ್ಪ ಅಮ್ಮನಿಗೆ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಜ್ಜಿಗೆ, ಚಿಕ್ಕಪ್ಪ ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಅಮ್ಮನ ಕಾಗದ ತಲುಪಿತು. ಹಗಲು ರಾತ್ರಿ ಎದೆಬಡಿತ ದಾಖಲಿಸುವ ಹೋಲ್ಟರ್ ಯಂತ್ರದ ರಿಪೋರ್ಟನ್ನು ಪುಟ್ಟಿ ಫೋಟೋ ತೆಗೆದು ಕಳಿಸಿದ್ದಳಲ್ಲ, ಅದನ್ನೂ ನೋಡಿದೆ. ವಾಟ್ಸಾಪಿನಲ್ಲಿ ಉದ್ದಕ್ಕೆ ಬರೆದರೆ ಅಪ್ಪ ಓದುವುದಿಲ್ಲ, ಫೋನಿನಲ್ಲಿ ಹೇಳಲು ಹೋದರೆ "ಸರಿ ಸರಿ, ಊಟ ಆಯ್ತಾ" ಎಂದು ಅಮ್ಮನ ಕೈಗೆ ಕೊಟ್ಟುಬಿಡುತ್ತಾರೆ. ಅದಕ್ಕೇ ಈ ಕಾಗದ. ಪುಟ್ಟಿ, ಅಪ್ಪ ಜಗಲಿಯಲ್ಲಿ ಕೂತಿರುವಾಗ ಗಟ್ಟಿಯಾಗಿ ಓದು. ಮಧ್ಯದಲ್ಲಿ ಎದ್ದು ತೋಟಕ್ಕೆ ಹೋಗಲು ಬಿಡಬೇಡ.

ನನ್ನ ವಿಚಾರ ಮೊದಲು ಮುಗಿಸುತ್ತೇನೆ. ನಾನು ಇಲ್ಲಿ ಕಲಿಯುತ್ತಿರುವುದು ಮೈಯನ್ನೇ ತಂತಿಯ ಹಾಗೆ ಬಳಸಿ ಸುದ್ದಿ ಕಳಿಸುವ ವಿದ್ಯೆ. ದೊಡ್ಡಮ್ಮ ಹೇಳಿದ ಹಾಗೆ ನಾನು ಇಲ್ಲಿ ಮೈಗೆ ಕರೆಂಟು ಹೊಡೆಸಿಕೊಂಡು ಕೂತಿಲ್ಲ. ಮಣಿಕಟ್ಟಿಗೆ ಬಿಂದಿಯಷ್ಟಗಲದ ಲೋಹದ ಪಟ್ಟಿ ಅಂಟಿಸುತ್ತೇವೆ, ಇನ್ನೊಂದು ಕೈಯಲ್ಲಿ ಅಂಥದ್ದೇ ಇನ್ನೊಂದು. ಒಂದು ಪಟ್ಟಿ ನಾಡಿಬಡಿತದ ಲೆಕ್ಕ ಕಳಿಸಿದರೆ ಮತ್ತೊಂದು ಅದನ್ನು ಓದುತ್ತದೆ. ನಡುವೆ ತಂತಿಯೂ ಇಲ್ಲ, ರೇಡಿಯೋವೂ ಇಲ್ಲ, ಸುದ್ದಿ ಮೈಯ ಮೂಲಕವೇ ಹೋಗುತ್ತದೆ. ಜುಮ್ಮೆನ್ನುವುದಿರಲಿ, ಏನಾದರೂ ನಡೆಯುತ್ತಿದೆ ಎಂದೂ ಗೊತ್ತಾಗುವುದಿಲ್ಲ. ಪೂರ್ತಿ ಬ್ಯಾಟರಿಯಲ್ಲೇ ನಡೆಸುತ್ತೇವೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಯಂತ್ರದಲ್ಲಿ ಅಳೆದರೆ ಅರ್ಥಿಂಗ್ ಸೇರಿಕೊಂಡು ಲೆಕ್ಕವೇ ತಪ್ಪಾಗುತ್ತದೆ. ಹಾಗಾಗಿ ಮನೆಯ ಕರೆಂಟಿಗೂ ನನ್ನ ಮೈಗೂ ಸಂಬಂಧವೇ ಇಲ್ಲ, ಅಮ್ಮ. ನೀನು ನಿಶ್ಚಿಂತೆಯಿಂದಿರು.

ಇಲ್ಲಿ ಎಲ್ಲರ ಕೈಯಲ್ಲೂ ನಾಡಿ ಲೆಕ್ಕ ಹಾಕುವ ವಾಚು, ಬೆರಳಲ್ಲಿ ನಿದ್ದೆ ಅಳೆಯುವ ಉಂಗುರ. ಎಂಬತ್ತು ದಾಟಿದ ನಮ್ಮ ಮನೆಯೊಡತಿ ಬೆಳಿಗ್ಗೆ ಎದ್ದವಳೇ ರಾತ್ರಿ ಎಷ್ಟು ಗಂಟೆ ಗಾಢನಿದ್ದೆ ಬಂತು ಎಂದು ನನಗೆ ವರದಿ ಒಪ್ಪಿಸುತ್ತಾಳೆ! ಇವೆಲ್ಲ ಬ್ಲೂಟೂತ್ ಎಂಬ ರೇಡಿಯೋ ಸಂಕೇತದಲ್ಲಿ ಮಾತಾಡುತ್ತವೆ. ಅದು ಗುಡ್ಡದ ಈಚೆಯಿಂದ ಆಚೆ ಮನೆಗೆ ಕೂ ಹಾಕಿದ ಹಾಗೆ, ದಾರಿಯಲ್ಲಿರುವವರಿಗೆಲ್ಲ ಕೇಳಿಸುತ್ತದೆ. ನಮ್ಮ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಶ್ರೇಯಸ್ ಸೇನ್ ಅವರ ತಂಡ 2019ರಲ್ಲೇ ಅಳೆದು ತೋರಿಸಿದೆ: ರೇಡಿಯೋ ಸಂಕೇತವನ್ನು 5 ಮೀಟರಿಗಿಂತ ದೂರದಿಂದಲೂ ಕದ್ದು ಕೇಳಬಹುದು, ಮೈಯೊಳಗೆ ಹೋದದ್ದು 15 ಸೆಂಟಿಮೀಟರ್ ಆಚೆಗೆ ಸಿಗುವುದಿಲ್ಲ. ಖರ್ಚಾಗುವ ಬ್ಯಾಟರಿಯೂ ಬಹಳ ಕಡಿಮೆ. ಜೋಳದ ಹೊಲಗಳ ನಡುವಿನ ಊರು ಎಂದು ಚಿಕ್ಕಪ್ಪ ಹಗುರವಾಗಿ ಮಾತಾಡುವುದು ಬೇಡ. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಓದಿದ ಜಾಗ ಇದು.

ಈಗ ಅಪ್ಪನ ವಿಚಾರ.

ಅಪ್ಪ, ರಾತ್ರಿ ನಿಮ್ಮ ನಾಡಿ 32ಕ್ಕೆ ಇಳಿದಿದೆ. ನಡುನಡುವೆ ಮೂರು ಸೆಕೆಂಡಿಗೂ ಹೆಚ್ಚು ಹೊತ್ತು ಬಡಿತವೇ ಇಲ್ಲ. ತೋಟದಲ್ಲಿ ಕಣ್ಣು ಕತ್ತಲೆ ಬಂದು ಕೂತದ್ದು ಪಿತ್ತದಿಂದ ಅಲ್ಲ, ಬಿಸಿಲಿನಿಂದಲೂ ಅಲ್ಲ. ಮಾವನಿಗೆ ಆದದ್ದು ರಕ್ತನಾಳದ ತೊಂದರೆ, ಅವರಿಗೆ ನಾಳ ತೆರೆದಿಡುವ ಸ್ಟೆಂಟ್ ಹಾಕಿದರು. ನಿಮ್ಮದು ಬೇರೆ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ "ಬಡಿ" ಎಂದು ಹೇಳುವ ಸಂಕೇತ ಸರಿಯಾಗಿ ಇಳಿಯುತ್ತಿಲ್ಲ. ಕಷಾಯ, ಪಥ್ಯ, ಹರಕೆ ಯಾವುದೂ ಆ ದಾರಿ ತೆರೆಯುವುದಿಲ್ಲ. ಡಾಕ್ಟರು ಪೇಸ್‌ಮೇಕರ್ ಎಂದಿದ್ದಾರೆ, ಅಂದರೆ ಹೃದಯಕ್ಕೆ ಸಣ್ಣ ಕರೆಂಟು ಕೊಟ್ಟು ಬಡಿತ ತಪ್ಪದಂತೆ ನೋಡಿಕೊಳ್ಳುವ ಯಂತ್ರ. ಅದೇ ಆಗಬೇಕು.

"ಮೈಯೊಳಗೆ ಕರೆಂಟಿನ ಯಂತ್ರ ಇಟ್ಟುಕೊಂಡು ಬದುಕುವುದುಂಟಾ" ಎಂದು ನೀವು ಕೇಳಿದಿರಂತೆ. ಮೈಯೊಳಗೆ ಕರೆಂಟು ಹುಟ್ಟಿದಾಗಿನಿಂದ ಇದೆ ಅಪ್ಪ. ಇಸಿಜಿ ತೆಗೆಯುವಾಗ ಕೈಕಾಲಿಗೆ ಕ್ಲಿಪ್ಪು ಹಾಕಿದರಲ್ಲ, ಎದೆಯ ಸುದ್ದಿ ಕಾಲಿನವರೆಗೆ ಬಂದದ್ದು ಹೇಗೆ? ರಕ್ತ, ಮಾಂಸ, ಉಪ್ಪುನೀರಿನ ಮೂಲಕವೇ. ನೂರು ವರ್ಷಕ್ಕೂ ಹಿಂದೆ ಹಾಲೆಂಡಿನ ಲೈಡನ್‌ನಲ್ಲಿ ಐಂಟ್‌ಹೋವನ್ ಎಂಬ ವೈದ್ಯ ರೋಗಿಗಳ ಕೈಕಾಲನ್ನು ಉಪ್ಪುನೀರಿನ ಪಾತ್ರೆಯಲ್ಲಿ ಅದ್ದಿಸಿ ಅದನ್ನು ಅಳೆದ. 1905ರಲ್ಲಿ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಶಾಲೆಗೆ ಟೆಲಿಫೋನ್ ತಂತಿಯಲ್ಲಿ ತರಿಸಿಕೊಂಡೂ ನೋಡಿದ.

ಇನ್ನು ಸ್ವೀಡನ್ನಿನ ಆರ್ನೆ ಲಾರ್ಸನ್. ನಿಮ್ಮದೇ ತೊಂದರೆ, ದಿನವೂ ಪ್ರಜ್ಞೆ ತಪ್ಪಿ ಬೀಳುತ್ತಿದ್ದ ಮನುಷ್ಯ. 1958ರಲ್ಲಿ ಮೈಯೊಳಗೆ ಪೂರ್ತಿ ಕೂರಿಸಿದ ಪೇಸ್‌ಮೇಕರ್ ಪಡೆದವರಲ್ಲಿ ಅವನೇ ಮೊದಲಿಗ. ಆ ಕಾಲದ ಯಂತ್ರಗಳು ಬಹಳ ದಿನ ಬಾಳುತ್ತಿರಲಿಲ್ಲ, ಮತ್ತೆ ಮತ್ತೆ ಬದಲಾಯಿಸಬೇಕಾಯಿತು. ಆದರೂ ಯಂತ್ರ ಮಾಡಿದ ಎಂಜಿನಿಯರಿಗಿಂತ, ಅದನ್ನು ಮೈಯೊಳಗಿಟ್ಟ ಸರ್ಜನ್‌ಗಿಂತ ಹೆಚ್ಚು ಕಾಲ ಇದ್ದು, 86ನೇ ವಯಸ್ಸಿನಲ್ಲಿ 2001ರಲ್ಲಿ ತೀರಿಕೊಂಡ. ಈಗ ಕುತ್ತಿಗೆಯ ಬುಡದ ಮೂಳೆಯ (ಕಾಲರ್ ಬೋನ್) ಕೆಳಗೆ ಸಣ್ಣದೊಂದು ಕೊಯ್ತ ಮಾಡಿ, ಅಷ್ಟು ಜಾಗ ಮಾತ್ರ ಮರಗಟ್ಟಿಸಿ ಇಟ್ಟುಬಿಡುತ್ತಾರೆ. 2023ರಲ್ಲಿ ಅಮೆರಿಕದಲ್ಲಿ ತಂತಿಯೇ ಇಲ್ಲದ ಜೋಡಿ ಪೇಸ್‌ಮೇಕರಿಗೆ ಒಪ್ಪಿಗೆ ಸಿಕ್ಕಿದೆ. ಮೇಲಿನ ಕೋಣೆಯದು ಕೆಳಗಿನದರ ಜೊತೆ ಪ್ರತಿ ಬಡಿತಕ್ಕೂ ರಕ್ತದ ಮೂಲಕವೇ ಮಾತಾಡುತ್ತದೆ. ನಾನು ಕಲಿಯುತ್ತಿರುವ ವಿದ್ಯೆಯೇ ಅದು. ನಿಮಗೆ ಡಾಕ್ಟರು ಹೇಳಿದ ಮಾದರಿ ಸಾಕು, ಅದು ದಶಕಗಳಿಂದ ಪಳಗಿದ್ದು.

ಅಮ್ಮ, ನಮ್ಮ ಪಟ್ಟಿಯೊಂದನ್ನು ಅಪ್ಪನಿಗೆ ಕಳಿಸು ಎಂದು ಬರೆದಿದ್ದೀಯ. ಕಳಿಸುವುದಿಲ್ಲ. ಅದು ಇನ್ನೂ ಪ್ರಯೋಗದಲ್ಲಿರುವ ವಸ್ತು. ಎದೆಯಲ್ಲಿ ಯಂತ್ರ ಇರುವವರನ್ನು ನಾವು ಆ ಪ್ರಯೋಗಕ್ಕೆ ಸೇರಿಸುವುದೇ ಇಲ್ಲ.

ಆಪರೇಷನ್ ಆದ ಮೇಲೆ ನಾಲ್ಕಾರು ವಾರ ಆ ಕಡೆಯ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು. ಅಂದರೆ ಅಡಿಕೆ ಕೊಯ್ಯುವ ದೋಟಿ ಹಿಡಿಯುವ ಹಾಗಿಲ್ಲ. ಅಡಿಕೆ ಕೊಯ್ಲು ಮುಗಿಯಲಿ ಆಮೇಲೆ ನೋಡೋಣ ಎನ್ನುವ ಮಾತು ನಿಮ್ಮ ಬಾಯಿಂದ ಬರುತ್ತದೆ, ನನಗೆ ಗೊತ್ತು. ಬೇಡ ಅಪ್ಪ. ಚಿಕ್ಕಪ್ಪನಿಗೆ ಹೇಳಿದ್ದೇನೆ, ಈ ವರ್ಷ ಕೊಯ್ಲು ಅವರೇ ನೋಡಿಕೊಳ್ಳುತ್ತಾರೆ. ಅಂಗಿಯ ಎಡಜೇಬಿನಲ್ಲಿ ಮೊಬೈಲ್ ಇಡುವ ಅಭ್ಯಾಸವನ್ನೂ ಬಿಡಬೇಕು, ಯಂತ್ರದಿಂದ ಒಂದು ಗೇಣು ದೂರವಿದ್ದರೆ ಸಾಕು, ಮಾತಾಡುವಾಗ ಬಲಗಿವಿಗೆ ಹಿಡಿಯಿರಿ. ಗದ್ದೆಯ ಸೋಲಾರ್ ಬೇಲಿ ಮುಟ್ಟುವ ಕೆಲಸ ಬೇರೆಯವರಿಗೆ ಬಿಡಿ. ಇಷ್ಟು ಬಿಟ್ಟರೆ ನಡೆಯುವುದು, ಉಣ್ಣುವುದು, ಪೂಜೆ, ಎಲ್ಲ ಮೊದಲಿನಂತೆಯೇ. ಏನೂ ಆಗುವುದಿಲ್ಲ. ನಿಜವಾಗಿಯೂ ಏನೂ ಆಗುವುದಿಲ್ಲ. ಇದು ಇಲ್ಲೂ ಅಲ್ಲೂ ದಿನಬೆಳಗಾದರೆ ನಡೆಯುವ ಆಪರೇಷನ್.

ಹಣ ಪುಟ್ಟಿಯ ಖಾತೆಗೆ ಹಾಕಿದ್ದೇನೆ, ಸಾಲದಿದ್ದರೆ ಮತ್ತೆ ಕಳಿಸುತ್ತೇನೆ. ಅದಕ್ಕಾಗಿ ಅಡಿಕೆ ಈಗಲೇ ಮಾರಬೇಡಿ. ನನ್ನ ಊಟ, ಚಳಿ, ನಿದ್ದೆ ಯಾವುದರ ಚಿಂತೆಯೂ ಬೇಡ, ಎಲ್ಲ ಚೆನ್ನಾಗಿದೆ, ಬೆಚ್ಚನೆಯ ಕೋಟು ಎರಡಿವೆ.

ಬಸ್ಸಿಗೆ ಹೊತ್ತಾಯಿತು. ಪುಟ್ಟಿ, ನಾಳೆಯೇ ಆಸ್ಪತ್ರೆಗೆ ಫೋನ್ ಮಾಡಿ ತಾರೀಕು ತೆಗೆದುಕೊಂಡು ನನಗೆ ಮೆಸೇಜ್ ಹಾಕು, ಟಿಕೆಟ್ ಮಾಡುತ್ತೇನೆ. ಅಲ್ಲಿಯವರೆಗೆ ಅಪ್ಪ ಒಬ್ಬರೇ ತೋಟಕ್ಕೆ ಇಳಿಯಬಾರದು.

ಇತಿ,
ನಿಮ್ಮ ಪಾಪು