ಗಿಗಾಬಿಟ್ ಪ್ರಯೋಗಗಳಿಗೂ ಒಂದಿಷ್ಟು ಜಾಗ ಕೊಡಿ

ಸಂಪಾದಕರೇ,

ಇಂಟರ್ನೆಟ್ ಇತಿಹಾಸ ಬರೆಯುವವರು ಇಂಟರ್ನೆಟ್‌ಗೂ ಮೊದಲಿನ ಜಾಲವಾದ ಅರ್ಪಾನೆಟ್ ಕಥೆ ಮುಗಿಸಿ ಸೀದಾ ವೆಬ್‌ಗೆ ಹಾರಿಬಿಡುತ್ತಾರೆ. ನಡುವೆ ಅಮೆರಿಕದಲ್ಲಿ ನಡೆದ ಗಿಗಾಬಿಟ್ ಟೆಸ್ಟ್‌ಬೆಡ್‌ಗಳ, ಅಂದರೆ ಅತಿ ವೇಗದ ಪ್ರಾಯೋಗಿಕ ಜಾಲಗಳ, ಸುದ್ದಿಯೇ ಇರುವುದಿಲ್ಲ.

1990ರ ಹೊತ್ತಿಗೆ ಅಲ್ಲಿನ ಸಂಶೋಧನಾ ಜಾಲ ಎನ್‌ಎಸ್‌ಎಫ್‌ನೆಟ್‌ನ ಬೆನ್ನೆಲುಬಿನ ಲೈನುಗಳ ವೇಗ ಸೆಕೆಂಡಿಗೆ ಬರೀ 1.5 ಮೆಗಾಬಿಟ್. ಆಗಲೇ ಇಂಟರ್ನೆಟ್ ರೂಪಿಸಿದವರಲ್ಲಿ ಒಬ್ಬರಾದ ರಾಬರ್ಟ್ ಕಾನ್ ಅವರ ಸಿಎನ್‌ಆರ್‌ಐ ಎಂಬ ಸಂಶೋಧನಾ ಸಂಸ್ಥೆ, ಎನ್‌ಎಸ್‌ಎಫ್ (ಅಮೆರಿಕ ಸರ್ಕಾರದ ವಿಜ್ಞಾನ ಪ್ರತಿಷ್ಠಾನ) ಮತ್ತು ಡಾರ್ಪಾ (ಅಲ್ಲಿನ ರಕ್ಷಣಾ ಇಲಾಖೆಯ ಸಂಶೋಧನಾ ವಿಭಾಗ) ಕೊಟ್ಟ ದುಡ್ಡಿನಲ್ಲಿ, ಇದರ ನೂರಾರು ಪಟ್ಟು ವೇಗದ ಐದು ಜಾಲಗಳ ಕೆಲಸಕ್ಕೆ ಕೈಹಾಕಿತು: ಅರೋರಾ, ಬ್ಲಾಂಕಾ, ಕಾಸಾ, ನೆಕ್ಟಾರ್, ವಿಸ್ಟಾನೆಟ್. ಫೋನ್ ಕಂಪನಿಗಳೂ ಕೈಜೋಡಿಸಿದವು. ಸುಮ್ನೆ ವೇಗ ತೋರಿಸೋಕೆ ಮಾಡಿದ್ದಲ್ಲ ಇದು. ನಾರ್ತ್ ಕೆರೊಲಿನಾದ ವಿಸ್ಟಾನೆಟ್‌ನಲ್ಲಿ, ಕ್ಯಾನ್ಸರ್ ರೋಗಿಗೆ ರೇಡಿಯೇಶನ್ ಯಾವ ಕೋನದಿಂದ ಎಷ್ಟು ಕೊಡಬೇಕು ಅನ್ನುವ ಲೆಕ್ಕವನ್ನು ದೂರದ ಸೂಪರ್‌ಕಂಪ್ಯೂಟರ್‌ನಲ್ಲಿ ಮಾಡಿ, ಚಿತ್ರವನ್ನು ವೈದ್ಯರ ಪರದೆಗೆ ತರುವ ಪ್ರಯತ್ನ ನಡೆಯಿತು.

ನನಗೆ ಜಾಸ್ತಿ ಕುತೂಹಲ ಇರುವುದು ಇಂಥ ಲೈನುಗಳು ತಂದಿಟ್ಟ ತಲೆನೋವಿನ ಬಗ್ಗೆ. ಇಂಟರ್ನೆಟ್‌ನಲ್ಲಿ ಮಾಹಿತಿ ಕಳಿಸುವ ನಿಯಮಾವಳಿಯಾದ ಟಿಸಿಪಿಯ ಹಳೆಯ ರೂಪ, ಆ ಕಡೆಯಿಂದ 'ಬಂತು' ಅನ್ನುವ ಉತ್ತರ ಸಿಗುವವರೆಗೆ ಒಂದು ಸಂಪರ್ಕದಲ್ಲಿ 64 ಕಿಲೋಬೈಟ್‌ಗಿಂತ ಹೆಚ್ಚು ಕಳಿಸುತ್ತಿರಲಿಲ್ಲ. ಆ ಉತ್ತರಕ್ಕೆ 50 ಮಿಲಿಸೆಕೆಂಡ್ ಹಿಡಿದರೆ, ಲೈನು 622 ಮೆಗಾಬಿಟ್‌ನದ್ದಾದರೂ ಸಿಗುವುದು ಸುಮಾರು 10 ಮೆಗಾಬಿಟ್ ಮಾತ್ರ! ಫೈಬರ್ ಎಳೆದರೆ ಸಾಲದು ಅಲ್ವಾ? 1992ರಲ್ಲಿ ಈ ಮಿತಿ ಹಿಗ್ಗಿಸುವ ತಿದ್ದುಪಡಿ ಬಂತು. ಇವತ್ತು ನಮ್ಮ ಫೋನುಗಳಲ್ಲೂ ಅದೇ ಇದೆ.

ನಿಮ್ಮ ವಿಜ್ಞಾನ ಪುಟದಲ್ಲಿ ಇದರ ಬಗ್ಗೆ ಒಂದು ಲೇಖನ ಬರೆಸಿ. ಮೊಬೈಲ್ ರಿವ್ಯೂಗಳು ಒಂದು ವಾರ ಕಾಯಲಿ, ಪರವಾಗಿಲ್ಲ.

– ಒಬ್ಬ ಓದುಗ, ಮೈಸೂರು