ಕಟ್ಟಿನಲ್ಲಿ ಗಂಭೀರ ಕಾದಂಬರಿ ಇಲ್ಲವೆಂದು ಗೋಳಾಡಿದ ಗೆಳೆಯನಿಗೆ

ವಿಜಯಪುರ

ದೋಸ್ತ,

ನಿನ್ನ ಮೆಸೇಜ್ ಓದಿ ನಕ್ಕೆ. ಪತ್ರಿಕೆಯವರು ವಿಮರ್ಶೆಗೆ ಕಳಿಸಿದ ಕಟ್ಟಿನಲ್ಲಿ ಬರೀ ಥ್ರಿಲ್ಲರ್, ಮಕ್ಕಳ ಪುಸ್ತಕ, ಚೌಕಚೌಕದ ಚಿತ್ರಗಳಲ್ಲೇ ಕಥೆ ಹೇಳುವ ಒಂದು ಗ್ರಾಫಿಕ್ ಕಾದಂಬರಿ ಇವೆ, 'ಗಂಭೀರವಾದದ್ದು' ಒಂದೂ ಇಲ್ಲ ಅಂತ ಗೋಳಾಡಿದ್ದೀಯ. ನನಗಂತೂ ಹೊಟ್ಟೆಕಿಚ್ಚಾಯಿತು. ಗಂಭೀರ ಕಾದಂಬರಿಗೆ 'ಸಮಕಾಲೀನ ತಲ್ಲಣಗಳ ಅನಾವರಣ' ಅಂತ ಬರೆದು ಪಾರಾಗಬಹುದು. ಯಾರೂ ತಕರಾರು ಮಾಡುವುದಿಲ್ಲ. ಇವುಗಳ ಬಗ್ಗೆ ಬರೆಯುವುದೇ ಕಷ್ಟ. ನಿಜವಾಗಿ ಓದಿದ್ದೀಯೋ ಇಲ್ಲವೋ ತಕ್ಷಣ ಗೊತ್ತಾಗಿಬಿಡುತ್ತದೆ.

ಥ್ರಿಲ್ಲರನ್ನೇ ತಗೋ. ಕೊನೆ ಹೇಳುವಂತಿಲ್ಲ, ಹೇಳದೆ ಹೊಗಳುವುದು ಹೇಗೆ? ನಾನು ಮಾಡುವುದು ಇಷ್ಟು. ಎರಡು ಸಲ ಓದುತ್ತೇನೆ. ಎರಡನೇ ಸಲ ಕೊಲೆಗಾರ ಯಾರೆಂದು ಗೊತ್ತಿರುತ್ತದೆ, ಆದ್ದರಿಂದ ಸುಳಿವುಗಳಿಗೆ ಪೆನ್ಸಿಲ್ ಗುರುತು ಹಾಕುತ್ತಾ ಹೋಗುತ್ತೇನೆ. ಸುಳಿವು ಕಣ್ಣೆದುರೇ ಇದ್ದೂ ನಾನು ದಾಟಿ ಹೋಗಿದ್ದರೆ ಲೇಖಕ ಗೆದ್ದ. ಕೊನೆಯ ಅಧ್ಯಾಯದಲ್ಲಿ ಎಲ್ಲಿಂದಲೋ ಒಬ್ಬ ಚಿಕ್ಕಪ್ಪ ಬಂದು ಎಲ್ಲ ಬಿಡಿಸಿ ಹೇಳಿದರೆ ಅದು ಮೋಸ, ಹಾಗಂತಲೇ ಬರೆ. ತೇಜಸ್ವಿಯವರ 'ಜುಗಾರಿ ಕ್ರಾಸ್' ಬಂದದ್ದು 1994ರಲ್ಲಿ. ಹೆಚ್ಚುಕಡಿಮೆ ಒಂದೇ ದಿನದೊಳಗೆ ಕಥೆ ಮುಗಿಯುತ್ತದೆ. ಆ ಓಟದ ನಡುವೆ ಹಳೆಗನ್ನಡ ಕಾವ್ಯ, ಏಲಕ್ಕಿ ವ್ಯಾಪಾರ, ಕಾಡಿನ ಲೂಟಿ ಎಲ್ಲ ಬರುತ್ತವೆ, ಆದರೂ ಓಟ ನಿಲ್ಲುವುದಿಲ್ಲ. ಕೆ.ಎನ್. ಗಣೇಶಯ್ಯನವರು ಕೃಷಿ ವಿಜ್ಞಾನಿ. ಕಾದಂಬರಿಯೊಳಗೇ ಆಧಾರ, ಅಡಿಟಿಪ್ಪಣಿ ಕೊಡುತ್ತಾರೆ. ಈ ದಾರಿ ಹಿಡಿದ ಹೊಸಬರ ಪುಸ್ತಕ ಬಂದರೆ ಒಂದೇ ಪ್ರಶ್ನೆ ಕೇಳು: ಮಾಹಿತಿ ಕಥೆಯನ್ನು ಓಡಿಸುತ್ತಿದೆಯೋ, ಹಿಡಿದು ನಿಲ್ಲಿಸುತ್ತಿದೆಯೋ?

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಎಷ್ಟು ಜನ ಕನ್ನಡ ಓದುವ ಚಟ ಹಚ್ಚಿಕೊಂಡರು! ನಮ್ಮ ವಿಮರ್ಶಕರು ಅವರ ಬಗ್ಗೆ ಬರೆದದ್ದು ಎಷ್ಟು? ನೀನಾದರೂ ಆ ಚಾಳಿ ಮುಂದುವರಿಸಬೇಡ.

ಮಕ್ಕಳ ಪುಸ್ತಕದ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಸಹಿಸಿಕೋ. ಶಂ.ಗು. ಬಿರಾದಾರ, ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪ, ಎಲ್ಲರೂ ನಮ್ಮ ಜಿಲ್ಲೆಯವರು. ಬಿರಾದಾರರ 'ನಾವು ಎಳೆಯರು' ಹಾಡದೆ ಶಾಲೆ ದಾಟಿದವರು ಕಡಿಮೆ. ಇಂಥ ಊರಲ್ಲಿ ಕೂತು ಮಕ್ಕಳ ಪುಸ್ತಕವನ್ನು ಹಗುರ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಮೊದಲು ಗಟ್ಟಿಯಾಗಿ ಓದು. ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ವಾಕ್ಯ ಕೆಟ್ಟಿದೆ. ಆಮೇಲೆ ಒಂದು ಮಗುವಿಗೆ ಕೊಡು. ನನ್ನ ಅಕ್ಕನ ಮಗಳು ಮೂರನೇ ಕ್ಲಾಸು. ಬಣ್ಣಬಣ್ಣದ ದುಬಾರಿ ಪುಸ್ತಕವೊಂದನ್ನು ನಾಲ್ಕು ಪುಟ ತಿರುವಿ, "ಮಾಮಾ, ಇದು ಸಾಲಿ ಪಾಠದಂಗ ಐತಿ, ಒಲ್ಲೆ" ಅಂದಳು. ಕೊನೆಯ ಪುಟ ನೋಡಿದೆ. ದೊಡ್ಡ ಅಕ್ಷರದಲ್ಲಿ ನೀತಿ! ಅವಳು ಅಲ್ಲಿಯವರೆಗೆ ಹೋಗದೆಯೇ ವಾಸನೆ ಹಿಡಿದಿದ್ದಳು. ಇನ್ನೊಂದರಲ್ಲಿ ಅಕ್ಷರ 'ಎಮ್ಮೆ' ಅನ್ನುತ್ತದೆ, ಚಿತ್ರದಲ್ಲಿ ಕಪ್ಪು ಬಿಳಿ ಮಚ್ಚೆಯ ಸೀಮೆಹಸು ನಿಂತಿದೆ. ದೊಡ್ಡವರು ಗಮನಿಸುವುದಿಲ್ಲ, ಮಕ್ಕಳು ಬಿಡುವುದಿಲ್ಲ.

ಚಿತ್ರಪುಸ್ತಕ 32 ಪುಟದ್ದೇ ಯಾಕೆ ಜಾಸ್ತಿ ಗೊತ್ತಾ? ಅಚ್ಚಿನ ದೊಡ್ಡ ಹಾಳೆ ಮಡಚಿದರೆ 16 ಪುಟ, ಅಂಥವು ಎರಡು. ಅಷ್ಟರಲ್ಲೇ ಕಥೆ ಮುಗಿಯಬೇಕು. ಹೀಗಾಗಿ ಪುಟ ಯಾವ ಸಾಲಿಗೆ ತಿರುಗುತ್ತದೆ ಎನ್ನುವುದೇ ದೊಡ್ಡ ಕಸುಬು. 'ಬಾಗಿಲು ತೆರೆದಳು, ಅಲ್ಲಿ...' ಅಂದಾಗ ಹಾಳೆ ತಿರುಗಬೇಕು. ಅದೇ ಪುಟದಲ್ಲಿ ಹುಲಿ ಕಂಡರೆ ಮಜಾ ಹೋಯಿತು. ಇದನ್ನೆಲ್ಲ ಬರೆ. ಚಿತ್ರ ಬರೆದವರ ಹೆಸರನ್ನೂ ಬರೆ, ಅರ್ಧ ಪುಸ್ತಕ ಅವರದ್ದು. ಹೊಲಿಗೆ ಗಟ್ಟಿ ಇದೆಯೋ, ಬೆಲೆ ಎಷ್ಟು ಎನ್ನುವುದನ್ನೂ ಬಿಡಬೇಡ. ದುಡ್ಡು ಕೊಡುವವರು ಅಪ್ಪ-ಅವ್ವ, ಹರಿಯುವವರು ಮಕ್ಕಳು.

ಗ್ರಾಫಿಕ್ ಕಾದಂಬರಿಯ ಕಥೆಯನ್ನಷ್ಟೇ ಹೇಳಿ ಮುಗಿಸಿದರೆ ಗೋಳಗುಮ್ಮಟ ಹತ್ತಿ ಒಂದು ಸಲವೂ ಕೂಗದೆ ಇಳಿದು ಬಂದಂತೆ. ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ನಡುವೆ ಏನಾಯಿತು ಎಂದು ಓದುಗನೇ ಊಹಿಸಿಕೊಳ್ಳುತ್ತಾನೆ. ಆ ಖಾಲಿ ಪಟ್ಟಿಯಲ್ಲೇ ಅರ್ಧ ಕೆಲಸ ನಡೆಯುತ್ತದೆ. ಚಿತ್ರವೇ ಹೇಳಿದ್ದನ್ನು ಮಾತಿನಲ್ಲಿ ಮತ್ತೆ ಹೇಳಿದ್ದರೆ ಗುರುತು ಹಾಕಿಕೋ. 'ಚಿತ್ರಕಥೆ ಅಂದರೆ ಮಕ್ಕಳಾಟ' ಅಂತ ಶುರು ಮಾಡಬೇಡ. ಯಹೂದಿಗಳನ್ನು ಇಲಿಗಳಾಗಿ, ನಾಜಿಗಳನ್ನು ಬೆಕ್ಕುಗಳಾಗಿ ಬರೆದ ಆರ್ಟ್ ಸ್ಪೀಗಲ್‌ಮನ್‌ರ 'ಮೌಸ್'ಗೆ 1992ರಲ್ಲೇ ಪುಲಿಟ್ಜರ್ ವಿಶೇಷ ಗೌರವ ಬಂತು. ನಿನಗೆ ಖುಷಿಯಾಗುವ ಇನ್ನೊಂದು ಸಂಗತಿ: ಅಮರ ಚಿತ್ರ ಕಥೆಯ ಮೊದಲ ಹತ್ತು ಪುಸ್ತಕ 1965ರ ಸುಮಾರಿಗೆ ಕನ್ನಡದಲ್ಲಿ ಬಂದವು, ಸಿಂಡರೆಲ್ಲಾ ಥರದ ಕಥೆಗಳು. ಎಲ್ಲರೂ ಮೊದಲನೆಯದು ಅಂದುಕೊಂಡಿರುವ 'ಕೃಷ್ಣ'ದ ನಂಬರು 11. ಇಷ್ಟು ಬೇಗ ಶುರು ಮಾಡಿದ ನಮ್ಮಲ್ಲಿ ಸ್ವಂತ ಗ್ರಾಫಿಕ್ ಕಾದಂಬರಿಗಳು ಈಗಲೂ ಅಪರೂಪ. ಬಣ್ಣದ ಅಚ್ಚು ದುಬಾರಿ, ಹಾಕುವುದು ಸಾವಿರ ಪ್ರತಿ, ಲೆಕ್ಕ ಕೂಡುವುದಿಲ್ಲ. ಆದರೂ ಸುಮ್ನೆ ಪಾಪ ಅಂತ ಹೊಗಳಬೇಡ.

ಲೇಖಕರು ಫೋನ್ ಮಾಡುತ್ತಾರೆ, ಗೊತ್ತಿರಲಿ. ನಮ್ಮ ಲೋಕ ಚಿಕ್ಕದು, ನಾಳೆ ಯಾವುದೋ ಸಮ್ಮೇಳನದ ಊಟದ ಸಾಲಿನಲ್ಲಿ ಎದುರೇ ಸಿಗುತ್ತಾರೆ. ಕೆಟ್ಟದ್ದನ್ನು ಪುಟದ ಸಂಖ್ಯೆ ಸಮೇತ ಹೇಳು. ಆಗ ಜಗಳವಾದರೂ ಪುಸ್ತಕದ ಬಗ್ಗೆಯೇ ಆಗುತ್ತದೆ.

ಬರೆದು ಮುಗಿದ ಮೇಲೆ ಮಕ್ಕಳ ಪುಸ್ತಕಗಳನ್ನು ಈ ಕಡೆ ಕಳಿಸು. ಥ್ರಿಲ್ಲರ್ ಕಳಿಸುವುದಾದರೆ ಪೆನ್ಸಿಲ್ ಗುರುತು ಅಳಿಸಿ ಕಳಿಸಪ್ಪ.

ನಿನ್ನ ದೋಸ್ತ