ವಾಲ್ ಲ್ಯೂಟನ್ ಹೆಸರೂ ಇರಬೇಕಿತ್ತು

ಮಾನ್ಯ ಸಂಪಾದಕರೇ,

ಹಳೆಯ ಹಾಲಿವುಡ್‌ನ ಭಯಾನಕ ಚಿತ್ರಗಳ ಕುರಿತು ತಮ್ಮ ವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. 1942ರ ‘ಕ್ಯಾಟ್ ಪೀಪಲ್’ ಚಿತ್ರದ ಶ್ರೇಯಸ್ಸನ್ನು ಲೇಖಕರು ಇಡಿಯಾಗಿ ನಿರ್ದೇಶಕ ಜಾಕ್ ಟೂರ್ನರ್ ಅವರಿಗೆ ಸಲ್ಲಿಸಿದ್ದಾರೆ. ಟೂರ್ನರ್ ದೊಡ್ಡ ನಿರ್ದೇಶಕರೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಚಿತ್ರಕ್ಕೂ ಅದರ ಬೆನ್ನಿಗೇ ಬಂದ ಇನ್ನೆಂಟು ಭಯಾನಕ ಚಿತ್ರಗಳಿಗೂ ಒಂದೇ ಮನೋಧರ್ಮವನ್ನು ತಂದುಕೊಟ್ಟವರು ನಿರ್ಮಾಪಕ ವಾಲ್ ಲ್ಯೂಟನ್. ಅವರ ಹೆಸರೇ ಲೇಖನದಲ್ಲಿ ಇಲ್ಲದಿರುವುದು ಅನ್ಯಾಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ.

1904ರಲ್ಲಿ ಕಪ್ಪು ಸಮುದ್ರದ ತೀರದ ಯಾಲ್ಟಾದಲ್ಲಿ ಹುಟ್ಟಿದ ಲ್ಯೂಟನ್ ಚಿಕ್ಕಂದಿನಲ್ಲೇ ತಾಯಿಯೊಂದಿಗೆ ಅಮೆರಿಕಕ್ಕೆ ಬಂದರು. ಅವರ ತಾಯಿಯ ಸಹೋದರಿಯೇ ಹೆಸರಾಂತ ನಟಿ ಆಲಾ ನಾಜಿಮೋವಾ. ಕಾದಂಬರಿಗಳನ್ನೂ ಪತ್ರಿಕೆಗಳಿಗೆ ಲೇಖನಗಳನ್ನೂ ಬರೆದು ಬದುಕುತ್ತಿದ್ದ ಲ್ಯೂಟನ್, ಮುಂದೆ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಅವರ ಬಳಿ ಕಥಾ ವಿಭಾಗವನ್ನು ನೋಡಿಕೊಂಡರು. ಟೂರ್ನರ್ ಪರಿಚಯವಾದದ್ದೂ ಆ ದಿನಗಳಲ್ಲೇ.

1942ರಲ್ಲಿ ಆರ್‌ಕೆಓ ಸ್ಟುಡಿಯೋ ತನ್ನ ಭಯಾನಕ ಚಿತ್ರಗಳ ವಿಭಾಗವನ್ನು ಅವರಿಗೆ ಒಪ್ಪಿಸಿತು. ನಮ್ಮಲ್ಲಿ ನಿರ್ಮಾಪಕರೆಂದರೆ ಹಣ ಹೂಡುವವರು. ಆದರೆ ಲ್ಯೂಟನ್ ವಾರಕ್ಕೆ 250 ಡಾಲರ್ ಸಂಬಳದ ನೌಕರರಾಗಿದ್ದರು. ಚಿತ್ರದ ಖರ್ಚು 1,50,000 ಡಾಲರ್ ದಾಟಬಾರದು, ಅವಧಿ 75 ನಿಮಿಷ ಮೀರಬಾರದು, ಶೀರ್ಷಿಕೆಯನ್ನು ಸ್ಟುಡಿಯೋದವರೇ ಕೊಡುತ್ತಾರೆ ಎಂಬ ಕರಾರುಗಳ ನಡುವೆ ಅವರು ಕೆಲಸ ಮಾಡಬೇಕಿತ್ತು. ‘ಐ ವಾಕ್ಡ್ ವಿತ್ ಎ ಜಾಂಬಿ’ ಎಂಬ ಅಗ್ಗದ ಶೀರ್ಷಿಕೆ ಮೇಲಿನಿಂದ ಬಂದಾಗ ಅವರು ‘ಜೇನ್ ಏರ್’ ಕಾದಂಬರಿಯ ಎಳೆಯನ್ನು ವೆಸ್ಟ್ ಇಂಡೀಸ್‌ನ ದ್ವೀಪವೊಂದಕ್ಕೆ ಒಯ್ದು, ಗುಲಾಮಗಿರಿಯ ನೆನಪು ಇನ್ನೂ ಆರದ ನೆಲದ ಕಥೆಯನ್ನು ಹೇಳಿಸಿದರು. ಆ ಚಿತ್ರದಲ್ಲಿ ಸಾರೋಟು ಹೊಡೆಯುವವನು ತನ್ನ ಪೂರ್ವಿಕರನ್ನು ಸರಪಳಿ ಬಿಗಿದು ಹಡಗಿನಲ್ಲಿ ತಂದದ್ದನ್ನು ಹೇಳುತ್ತಾನೆ. ಸುಂದರವಾದ ಜಾಗಕ್ಕೇ ತಂದರಲ್ಲ ಎಂದು ಹೊಸದಾಗಿ ಬಂದ ದಾದಿ ಮುಗ್ಧವಾಗಿ ನುಡಿದಾಗ, ಅವನು ವಾದಕ್ಕಿಳಿಯದೆ ವಿನಯದಿಂದ ಅವಳ ಮಾತನ್ನು ಅವಳಿಗೇ ಬಿಟ್ಟುಬಿಡುತ್ತಾನೆ. 1943ರ ಹಾಲಿವುಡ್‌ನಲ್ಲಿ, ಅದೂ ಜಾಂಬಿಯ ಹೆಸರು ಹೊತ್ತ ಚಿತ್ರದಲ್ಲಿ, ಇಂತಹ ದೃಶ್ಯವಿರುವುದು ನನ್ನ ಮಟ್ಟಿಗೆ ಸಣ್ಣ ಸಂಗತಿಯಲ್ಲ.

ಚಿತ್ರಕಥೆಯ ಕೊನೆಯ ಕರಡನ್ನು ಬಹುಪಾಲು ಅವರೇ ತಿದ್ದಿ ಬರೆಯುತ್ತಿದ್ದರು. ಆದರೂ ಬರಹಗಾರನಾಗಿ ತೆರೆಯ ಮೇಲೆ ಹೆಸರು ಹಾಕಿಕೊಂಡದ್ದು ಎರಡೇ ಚಿತ್ರಗಳಲ್ಲಿ, ಅದೂ ಕಾರ್ಲೋಸ್ ಕೀತ್ ಎಂಬ ಗುಪ್ತನಾಮದಲ್ಲಿ. ಭಯ ಹುಟ್ಟಿಸಲು ಭೂತವನ್ನು ತೋರಿಸಬೇಕಿಲ್ಲ, ಕತ್ತಲೆಯೂ ಸದ್ದೂ ಸಾಕು ಎಂಬುದು ಅವರ ನಂಬಿಕೆಯಾಗಿತ್ತು. ‘ದಿ ಲೆಪರ್ಡ್ ಮ್ಯಾನ್’ ಚಿತ್ರದಲ್ಲಿ ತಾಯಿಯೊಬ್ಬಳು ಹೆದರುವ ಮಗಳನ್ನು ರಾತ್ರಿಯಲ್ಲಿ ಮೆಕ್ಕೆಜೋಳದ ಹಿಟ್ಟು ತರಲು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಾಳೆ. ಹಿಂತಿರುಗಿದ ಹುಡುಗಿ ಬಾಗಿಲು ಬಡಿದು ಚೀರುತ್ತಾಳೆ. ಕ್ಯಾಮೆರಾ ಮಾತ್ರ ಮನೆಯೊಳಗೇ ನಿಂತಿರುತ್ತದೆ. ತಾಯಿ ಗಾಬರಿಗೊಂಡು ಬಾಗಿಲು ತೆರೆಯಲು ಹೆಣಗುವಷ್ಟರಲ್ಲಿ ಹೊಸ್ತಿಲಿನ ಸಂದಿಯಿಂದ ರಕ್ತ ಒಳಕ್ಕೆ ಹರಿದುಬರುತ್ತದೆ. ಚಿರತೆ ಎರಗುವುದನ್ನು ನಾವು ನೋಡುವುದೇ ಇಲ್ಲ. ಈ ಚಿತ್ರಕ್ಕೂ ಟೂರ್ನರ್ ಅವರದೇ ನಿರ್ದೇಶನವೆಂಬುದು ನಿಜ. ಆದರೆ ಟೂರ್ನರ್ ಅವರನ್ನು ಸ್ಟುಡಿಯೋ ಬೇರೆಡೆಗೆ ಕಳಿಸಿದ ಮೇಲೂ ಅದೇ ಸಂಯಮ ‘ದಿ ಸೆವೆಂತ್ ವಿಕ್ಟಿಮ್’ನಲ್ಲಿ, ಬೋರಿಸ್ ಕಾರ್ಲಾಫ್ ನಟಿಸಿದ ‘ದಿ ಬಾಡಿ ಸ್ನ್ಯಾಚರ್’ನಲ್ಲಿ ಮುಂದುವರಿದದ್ದನ್ನು ಲೇಖಕರು ಗಮನಿಸಬೇಕಿತ್ತು.

ಆ ಚಿತ್ರಗಳನ್ನು ನಿರ್ದೇಶಿಸಿದ ಮಾರ್ಕ್ ರಾಬ್ಸನ್ ಮತ್ತು ರಾಬರ್ಟ್ ವೈಸ್ ಇಬ್ಬರೂ ಸಂಕಲನದ ಕೋಣೆಯಿಂದ ಬಂದವರು. ಅವರಿಗೆ ನಿರ್ದೇಶನದ ಮೊದಲ ಅವಕಾಶ ಕೊಟ್ಟವರು ಲ್ಯೂಟನ್. ವೈಸ್ ಮುಂದೆ ‘ವೆಸ್ಟ್ ಸೈಡ್ ಸ್ಟೋರಿ’ ಮತ್ತು ‘ದಿ ಸೌಂಡ್ ಆಫ್ ಮ್ಯೂಸಿಕ್’ ಚಿತ್ರಗಳಿಗೆ ನಿರ್ದೇಶನದ ಆಸ್ಕರ್ ಪಡೆದರು. ಲ್ಯೂಟನ್ ಅವರಿಗೆ ಅಂತಹ ಭಾಗ್ಯ ಒದಗಲಿಲ್ಲ. 1946ರ ‘ಬೆಡ್ಲಮ್’ ನಂತರ ಆರ್‌ಕೆಓ ಬಿಟ್ಟ ಅವರು ಬೇರೆ ಬೇರೆ ಸ್ಟುಡಿಯೋಗಳಲ್ಲಿ ಮೂರು ಚಿತ್ರಗಳನ್ನಷ್ಟೇ ಮಾಡಲು ಸಾಧ್ಯವಾಯಿತು. 1951ರ ಮಾರ್ಚ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ.

ಈ ಚಿತ್ರಗಳ ಕುರಿತು ಮುಂದೆ ಬರೆಯಿಸುವಾಗ ಲ್ಯೂಟನ್ ಅವರಿಗೆಂದೇ ಒಂದು ಲೇಖನವನ್ನು ಮೀಸಲಿಡಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ. ನಮ್ಮ ಚಿತ್ರಸಮಾಜಗಳು ಟೂರ್ನರ್ ಅಥವಾ ವೈಸ್ ಹೆಸರಿನಲ್ಲಿ ಇವುಗಳನ್ನು ತೋರಿಸುವಾಗಲೂ ನಿರ್ಮಾಪಕರ ಹೆಸರನ್ನು ಪ್ರಕಟಣೆಯಲ್ಲಿ ಕಾಣಿಸಲಿ.

ಇತಿ,
ತಮ್ಮ ಪತ್ರಿಕೆಯ ಓದುಗ,
ಮೈಸೂರು